ಸಣ್ಣ ಕಾಲೇಜು ತಂಡದ ಆಟಗಾರರ ಸಂಭಾವನೆಗೆ ದೇಣಿಗೆ ಹೊಂದಿಸುವ ಬಗೆ

ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ವಿರುದ್ಧ ಕ್ರೀಡಾಪಟುಗಳು ಹೂಡಿದ್ದ ಹೌಸ್ ಪ್ರಕರಣದ ರಾಜಿ ಒಪ್ಪಂದಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2025ರ ಜೂನ್ 6ರಂದು ಅನುಮೋದನೆ ನೀಡಿದ ಮೇಲೆ, ಅಮೆರಿಕದ ಡಿವಿಷನ್ ಒನ್ (ಅತ್ಯುನ್ನತ ಕ್ರೀಡಾ ದರ್ಜೆಯ) ಕಾಲೇಜುಗಳಿಗೆ ಅದೇ ವರ್ಷದ ಜುಲೈ 1ರಿಂದ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡುವ ಅವಕಾಶ ದೊರೆತಿದೆ. ಮೊದಲ ವರ್ಷವಾದ 2025-26ಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2.05 ಕೋಟಿ ಡಾಲರ್. ಟಿವಿ ಹಕ್ಕಿನ ಆದಾಯವಿಲ್ಲದ ಸಣ್ಣ ಕಾಲೇಜುಗಳು ಈ ಅಂಕಿಯನ್ನು ಕಂಡು ದಿಗಿಲುಗೊಳ್ಳಬೇಕಿಲ್ಲ. ಅದು ಗರಿಷ್ಠ ಮಿತಿಯೇ ಹೊರತು ಕೊಡಲೇಬೇಕಾದ ಮೊತ್ತವಲ್ಲ.

ದಾನಿಗಳ ಬಾಗಿಲು ತಟ್ಟುವ ಮೊದಲು ಕಾಲೇಜು ಈ ರಾಜಿ ಒಪ್ಪಂದಕ್ಕೆ ಸೇರಬೇಕೇ ಎಂಬುದನ್ನು ನಿರ್ಧರಿಸಿರಿ. ಒಂದೇ ಕ್ರೀಡೆಯ ಆಟಗಾರರಿಗೆ ಹಣ ಕೊಡುವ ಉದ್ದೇಶವಿದ್ದರೂ, ಸೇರಿದ ಕಾಲೇಜು ತನ್ನ ಇತರ ಕ್ರೀಡೆಗಳಲ್ಲಿಯೂ ಆಟಗಾರರ ಸಂಖ್ಯೆಯ ಮಿತಿಯನ್ನು ಪಾಲಿಸಬೇಕಾಗುತ್ತದೆ. ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಅದು 15, ಬೇಸ್‌ಬಾಲ್‌ಗೆ 34. ಮಹಿಳಾ ತಂಡಗಳ ಪಾಲಿನ ವಿಚಾರದಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಕಾನೂನಿನ ಕುರಿತು ಕಾಲೇಜಿನ ವಕೀಲರ ಅಭಿಪ್ರಾಯವನ್ನು ಲಿಖಿತವಾಗಿಯೇ ಪಡೆಯುವುದು ಕ್ಷೇಮ.

ಅನಂತರ ಲೆಕ್ಕ. 15 ಆಟಗಾರರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ತಲಾ ಸರಾಸರಿ 20,000 ಡಾಲರ್‌ನಂತೆ ವರ್ಷಕ್ಕೆ 3 ಲಕ್ಷ ಡಾಲರ್ ಬೇಕೆಂದು ಇಟ್ಟುಕೊಳ್ಳೋಣ. ಒಬ್ಬನೇ ಶ್ರೀಮಂತ ಹಳೆಯ ವಿದ್ಯಾರ್ಥಿ ಅಷ್ಟನ್ನೂ ಕೊಡಲು ಮುಂದೆ ಬರಬಹುದು, ಆದರೆ ಕೋಚ್ ಬದಲಾದ ದಿನವೇ ಅವನ ಉತ್ಸಾಹವೂ ಇಳಿದೀತು. 2,000 ಡಾಲರ್ ಕೊಡುವ 60 ಮಂದಿ, 5,000 ಕೊಡುವ 20 ಮಂದಿ, 20,000 ಕೊಡುವ 4 ಮಂದಿ ಸೇರಿದರೂ ಅದೇ 3 ಲಕ್ಷವಾಗುತ್ತದೆ, ಮತ್ತು ಅವರಲ್ಲಿ ಯಾರೊಬ್ಬರು ಹಿಂದೆ ಸರಿದರೂ ತಂಡ ಕುಸಿಯುವುದಿಲ್ಲ. ಮೂರು ವರ್ಷಗಳ ವಾಗ್ದಾನವನ್ನೇ ಕೇಳಿರಿ. ಒಂದು ಗೆಲುವಿನ ಅಮಲಿನಲ್ಲಿ ಬಂದ ಚೆಕ್ಕಿಗಿಂತ ಅದು ಮೇಲು.

ಮನವಿ ಪತ್ರದ ಒಕ್ಕಣೆಯಲ್ಲಿ ಎಚ್ಚರವಿರಲಿ. "ನಮ್ಮ ಗಾರ್ಡ್ ಆಟಗಾರನನ್ನು ಉಳಿಸಿಕೊಳ್ಳಲು ನೆರವಾಗಿ" ಎಂದು ಬರೆಯಬಾರದು, ಏಕೆಂದರೆ ನಿರ್ದಿಷ್ಟ ವ್ಯಕ್ತಿಗೆಂದೇ ಮೀಸಲಿಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗದು. "ಪುರುಷರ ಬ್ಯಾಸ್ಕೆಟ್‌ಬಾಲ್ ನಿಧಿಗೆ, ವಿನಿಯೋಗ ಕ್ರೀಡಾ ವಿಭಾಗದ ವಿವೇಚನೆಗೆ ಬಿಟ್ಟದ್ದು" ಎಂಬ ಒಕ್ಕಣೆ ಸೂಕ್ತ. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿ ದೇಣಿಗೆಗೂ ಲಿಖಿತ ರಸೀದಿ ಕೊಡಬೇಕು. ಸೀಟಿನ ಟಿಕೆಟ್ ಕೊಳ್ಳುವ ಹಕ್ಕಿಗಾಗಿ ಕೊಟ್ಟ ಹಣಕ್ಕೆ ದೊರೆಯುತ್ತಿದ್ದ ಶೇ 80ರ ವಿನಾಯಿತಿ 2018ರಿಂದ ಇಲ್ಲವಾದ್ದರಿಂದ, ಅದನ್ನು ಆಮಿಷವಾಗಿ ಒಡ್ಡುವಂತಿಲ್ಲ. ಆಟಗಾರರಿಗಾಗಿ ಹಣ ಕೂಡಿಸುವ ಅಭಿಮಾನಿಗಳ ಕಲೆಕ್ಟಿವ್‌ಗಳೂ ಸುರಕ್ಷಿತ ದಾರಿಯಲ್ಲ: ಅವುಗಳಲ್ಲಿ ಹಲವು ದತ್ತಿ ಸಂಸ್ಥೆಯ ಮಾನ್ಯತೆಗೆ ಅರ್ಹವಲ್ಲವೆಂಬ ಅಭಿಪ್ರಾಯವನ್ನು ತೆರಿಗೆ ಇಲಾಖೆ 2023ರಲ್ಲಿಯೇ ಪ್ರಕಟಿಸಿದೆ.

ಅಂಗಡಿ ಅಥವಾ ಕಂಪನಿ ನಡೆಸುವ ದಾನಿ ಆಟಗಾರನಿಗೆ ಜಾಹೀರಾತಿನ ಕೆಲಸವನ್ನೇ ಕೊಡಬಯಸಿದರೆ ಅದು ಬೇರೆಯೇ ಬಾಬತ್ತು. 600 ಡಾಲರ್ ಅಥವಾ ಮೇಲ್ಪಟ್ಟ ಅಂಥ ಒಪ್ಪಂದವನ್ನು ಎನ್‌ಐಎಲ್ ಗೋ ಎಂಬ, ಆಟಗಾರರ ಹೆಸರು-ಚಿತ್ರಗಳ ಬಳಕೆಯ ಒಪ್ಪಂದಗಳನ್ನು ಪರಿಶೀಲಿಸುವ ವ್ಯವಸ್ಥೆಯಲ್ಲಿ ದಾಖಲಿಸಬೇಕು, ಮತ್ತು ಅದರ ಹಿಂದೆ ನಿಜವಾದ ವ್ಯಾಪಾರ ಉದ್ದೇಶವಿರಬೇಕು.

ಕಂತುಗಳ ದಿನಾಂಕವನ್ನು ಋತು ಮುಗಿಯುವ ಮೊದಲಿಗೇ ಗೊತ್ತುಪಡಿಸಿರಿ. ವಸಂತದಲ್ಲಿ ಆಟಗಾರರು ಕಾಲೇಜು ಬದಲಿಸುವ ದಿನಗಳು ಆರಂಭವಾದಾಗ ಕೋಚ್ ಕೊಡಬಹುದಾದ ಮಾತು, ಅಂದು ಬ್ಯಾಂಕಿನಲ್ಲಿರುವ ಹಣವನ್ನು ಮೀರಬಾರದು.