ಹುಟ್ಟದೇ ಹೋದ ಕರೆಂಟಿನ ಲೆಕ್ಕ

ವಿದ್ಯುತ್ ವ್ಯಾಜ್ಯಗಳಲ್ಲಿ ನಷ್ಟದ ಲೆಕ್ಕ ಹಾಕಿ, ಆಮೇಲೆ ಸಾಕ್ಷಿಯಾಗಿ ಕೂತು ಅದನ್ನು ವಿವರಿಸುವುದು ನನ್ನ ಕೆಲಸ. ಸೋಲಾರ್ ಘಟಕಗಳ ಕೇಸುಗಳೇ ಜಾಸ್ತಿ. ಬಿಸಿಲು ಚೆನ್ನಾಗಿರುವಾಗಲೇ ‘ಉತ್ಪಾದನೆ ಇಳಿಸಿ’ ಅಂತ ಆದೇಶ ಬರುತ್ತದೆ. ಸೋಲಾರ್‌ಗೆ ‘ಮಸ್ಟ್ ರನ್’ ರಕ್ಷಣೆಯಿದೆ, ಅಂದರೆ ಸುಮ್ಮಸುಮ್ಮನೆ ಅದರ ಉತ್ಪಾದನೆ ಇಳಿಸುವಂತಿಲ್ಲ. ಗ್ರಿಡ್ ಸುರಕ್ಷತೆಯ ಕಾರಣವಿಲ್ಲದೆ ಇಳಿಸಿದರೆ ಪರಿಹಾರ ಕೊಡಬೇಕು ಎಂದು ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ 2021ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರದ ನಿಯಮವೂ ಬಂತು: ಪರಿಹಾರ ಪಿಪಿಎ, ಅಂದರೆ ವಿದ್ಯುತ್ ಖರೀದಿ ಒಪ್ಪಂದದ ದರದಲ್ಲೇ. ಇನ್ನು ಉಳಿಯುವುದು, ಹುಟ್ಟದೇ ಹೋದ ಕರೆಂಟು ಎಷ್ಟು ಅನ್ನೋದು.

ಕಂಪನಿಯವರು ಸಾಮಾನ್ಯವಾಗಿ ವರ್ಷದ ಲೆಕ್ಕ ತರುತ್ತಾರೆ. ಸಾಲ ಪಡೆಯುವಾಗ ಬ್ಯಾಂಕಿಗೆ ಕೊಟ್ಟ ಅಂದಾಜಿನಿಂದ ನಿಜವಾದ ಉತ್ಪಾದನೆ ಕಳೆದು, ಉಳಿದದ್ದೆಲ್ಲ ನಷ್ಟ ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆ ವರ್ಷದ ಮೋಡ, ಕೆಟ್ಟ ಇನ್ವರ್ಟರ್, ಪ್ಯಾನೆಲ್ ಮೇಲಿನ ಧೂಳು ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ.

ನಾನು ಹದಿನೈದು ನಿಮಿಷದ ಬ್ಲಾಕ್‌ಗೆ ಇಳಿಯುತ್ತೇನೆ. ದಿನಕ್ಕೆ 96 ಬ್ಲಾಕ್. ಆದೇಶ ಬಂದ ಸಮಯ, ಘಟಕದ ಉತ್ಪಾದನೆಯನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುತ್ತಾ ಹೋಗುವ ಸ್ಕಾಡಾ ವ್ಯವಸ್ಥೆಯ ದಾಖಲೆ, ಬಿಸಿಲು ಅಳೆಯುವ ಪೈರಾನೋಮೀಟರ್‌ನ ಅಂಕಿ, ಈ ಮೂರನ್ನೂ ಪಕ್ಕಪಕ್ಕ ಇಡುತ್ತೇನೆ. 50 ಮೆಗಾವ್ಯಾಟ್ ಘಟಕ ಅಂದುಕೊಳ್ಳಿ. ಆ ಬಿಸಿಲಿಗೆ 42 ಬರಬೇಕಿತ್ತು, ಆದೇಶದಿಂದ 30ಕ್ಕೆ ನಿಂತಿತು. 12 ಮೆಗಾವ್ಯಾಟ್, ಕಾಲು ಗಂಟೆ: 3,000 ಯೂನಿಟ್. ಯೂನಿಟ್‌ಗೆ 4 ರೂಪಾಯಿಯಾದರೆ ಒಂದೇ ಬ್ಲಾಕ್‌ನಲ್ಲಿ 12,000 ರೂಪಾಯಿ. ಆ ಹೊತ್ತಿಗೆ ಇನ್ವರ್ಟರ್ ಒಂದು ಕೆಟ್ಟಿದ್ದರೆ ಅದರ ಪಾಲನ್ನು ನಾನೇ ಕಳೆಯುತ್ತೇನೆ. ಕೆಲವು ಕಕ್ಷಿದಾರರಿಗೆ ಇದರಿಂದ ಬೇಸರವಾಗುತ್ತದೆ. ಆದರೆ ಎದುರು ವಕೀಲರು ಮೊದಲು ಹುಡುಕುವುದೇ ಅದನ್ನು, ಅಲ್ವಾ? ಅಂಥ ಒಂದು ಬ್ಲಾಕ್ ಸಿಕ್ಕರೆ ಸಾಕು, ಇಡೀ ವರದಿಯನ್ನೇ ಅನುಮಾನದಿಂದ ನೋಡುತ್ತಾರೆ.

ಪಾಟಿ ಸವಾಲಿನಲ್ಲಿ ‘ನಿಮಗೆ ದುಡ್ಡು ಕೊಟ್ಟವರು ಯಾರು?’ ಅನ್ನುವ ಪ್ರಶ್ನೆ ತಪ್ಪದೆ ಬರುತ್ತದೆ. ಕಂಪನಿಯೇ, ಗಂಟೆಯ ಲೆಕ್ಕದಲ್ಲಿ. ಗೆಲುವಿಗೂ ಫೀಸಿಗೂ ಸಂಬಂಧವಿಲ್ಲ. ಗೆದ್ದರೆ ಇಷ್ಟು ಪಾಲು ಅಂದವರ ಕೇಸು ನಾನು ಹಿಡಿಯುವುದಿಲ್ಲ. ತಜ್ಞನ ಮಾತು ಮಂಡಳಿಗೆ ನೆರವಾಗಬೇಕು, ಕಕ್ಷಿದಾರನಿಗಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಧ್ಯಸ್ಥಿಕೆಯ ಕೇಸುಗಳಲ್ಲಿ ನನಗೆ ತುಂಬಾ ಇಷ್ಟವಾಗುವುದು ಎರಡೂ ಕಡೆಯ ತಜ್ಞರು ಕೂತು ಜಂಟಿ ಹೇಳಿಕೆ ಬರೆಯುವ ಹಂತ. ಒಂದು ಕೇಸಿನಲ್ಲಿ ನಮ್ಮಿಬ್ಬರ ಮೊತ್ತಗಳ ನಡುವೆ ಭಾರಿ ಅಂತರವಿತ್ತು. ಬ್ಲಾಕ್ ಬ್ಲಾಕ್ ಆಗಿ ನೋಡುತ್ತಾ ಹೋದಾಗ ಹೆಚ್ಚಿನವಕ್ಕೆ ಇಬ್ಬರೂ ಒಪ್ಪಿದೆವು. ಕೊನೆಗೆ ಉಳಿದ ತಕರಾರು ಒಂದೇ: ಬೇಸಿಗೆಯಲ್ಲಿ ಧೂಳಿಗೆಂದು ಶೇಕಡಾ ಎಷ್ಟು ಕಳೆಯಬೇಕು. ಮಂಡಳಿ ಪ್ಯಾನೆಲ್ ತೊಳೆದ ರಿಜಿಸ್ಟರ್ ತರಿಸಿಕೊಂಡು ಅದನ್ನು ತೀರ್ಮಾನಿಸಿತು.