ಚಾರ್ಮಾಡಿ ಹತ್ತುವಾಗ ಮಾತ್ರ ಕೈಕೊಡ್ತಿದ್ದ ಆಕ್ಸಿಲರೇಟರ್, ನಾನು ಕಾರಣ ಹುಡುಕಿದ್ದು ಹೀಗೆ

ಕಳೆದ ವರ್ಷ ಜೂನ್, ಮಳೆ ಹಿಡಿದು ನಾಲ್ಕೈದು ದಿನ ಆಗಿತ್ತು. ಉಜಿರೆಯಿಂದ ಮೂಡಿಗೆರೆಗೆ ಹೆಂಡತಿ ಮನೆಗೆ ಹೊರಟಿದ್ವಿ. ಚಾರ್ಮಾಡಿ ಘಾಟಿಯಲ್ಲಿ ಒಂದು ತಿರುವು ಮುಗಿಸಿ ಸೆಕೆಂಡ್ ಗೇರಲ್ಲಿ ಕಾಲು ಕೊಟ್ಟದ್ದೇ, ಗಾಡಿ ಒಮ್ಮೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಆಯ್ತು, ಆಮೇಲೆ ಆಕ್ಸಿಲರೇಟರ್ ಎಷ್ಟು ತುಳಿದ್ರೂ ಎಂತದೂ ಇಲ್ಲ. ಎಂಜಿನ್ ಆಫ್ ಆಗ್ಲಿಲ್ಲ, 1500 ಆರ್‌ಪಿಎಮ್ ಹತ್ರ ಒಂದೇ ಸಮ ಓಡ್ತಾ ಇತ್ತು, ಮೀಟರಲ್ಲಿ ಚೆಕ್ ಎಂಜಿನ್ ಲೈಟ್. ಹಿಂದೆ ಒಂದು ಬಸ್ಸು, ಮುಂದೆ ಮಂಜು, ಹಿಂದಿನ ಸೀಟಲ್ಲಿ ಮಗಳು. ಹಜಾರ್ಡ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕೀ ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿದ್ರೆ ಗಾಡಿ ಹೊಸತರ ಹಾಗೆ ಎದ್ದು ನಿಂತಿತು. ಕೊಟ್ಟಿಗೆಹಾರದವರೆಗೆ ಮತ್ತೆ ಒಮ್ಮೆಯೂ ಆಗ್ಲಿಲ್ಲ. ಅಲ್ಲಿ ನೀರುದೋಸೆ ತಿನ್ಲಿಕ್ಕೆ ನಿಲ್ಲಿಸಿದಾಗ ನನ್ನ ಕೈ ಇನ್ನೂ ನಡುಗ್ತಾ ಇತ್ತು.

ಗಾಡಿ 2014ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, 96 ಸಾವಿರ ಕಿಲೋಮೀಟರ್ ಓಡಿದ್ದು. ನಾನು ಮೆಕ್ಯಾನಿಕ್ ಅಲ್ಲ, ಪಂಪ್‌ಸೆಟ್ ರಿಪೇರಿ, ಮನೆ ವೈರಿಂಗ್, ಮೋಟಾರ್ ಪ್ಯಾನೆಲ್, ಇದೇ ಹದಿನೈದು ವರ್ಷದಿಂದ ನನ್ನ ಕೆಲಸ. ಹಾಗಾಗಿ ಇದನ್ನು ವೈರಿನವನ ಕಣ್ಣಿಂದ ಬರೀತಾ ಇದ್ದೇನೆ. ಇದೇ ತೊಂದರೆ ಅನುಭವಿಸ್ತಾ ಇರುವವರು ಎಷ್ಟೋ ಜನ ಇದ್ದಾರೆ, ಸುಮ್ಮನೆ ಪಾರ್ಟ್ ಬದಲಿಸಿ ಬದಲಿಸಿ ದುಡ್ಡು ಕಳ್ಕೊಳ್ತಾ ಇದ್ದಾರೆ, ಅದು ನೋಡಿ ಸಂಕಟ ಆಗ್ತದೆ.

ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರು, ಗಾಡಿ ತನ್ನ ತೊಂದರೆಗೆ ಕೊಡುವ ನಂಬರ್, ಅಂದ್ರೆ ಕೋಡ್, ಪಿ2135 ಬಂತು. ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಮ್ಮಿ ಮಾಡುವ ಭಾಗ) ಹೋಗಿದೆ, ಹೊಸದು 18 ಸಾವಿರ, ನಾಳೆಯೇ ಹಾಕಿಬಿಡುವ ಅಂದ್ರು. ಮೊದ್ಲು ಕ್ಲೀನ್ ಮಾಡಿ ನೋಡಿ ಅಂತ ಹೇಳಿ 800 ಕೊಟ್ಟು ಬಂದೆ. ಒಂಬತ್ತು ದಿನ ಸರಿ ಇತ್ತು. ಹತ್ತನೇ ದಿನ ಅದೇ ಘಾಟಿಯಲ್ಲಿ, ಅದೇ ರೀತಿ.

ಆಮೇಲೆ ಬೆಂಗಳೂರಿಗೆ ಕೆಲಸದ ಮೇಲೆ ಹೋದವನು ಶಿವಾಜಿನಗರದಲ್ಲಿ ಇದೇ ಮಾಡೆಲಿನ ಸೆಕೆಂಡ್ ಹ್ಯಾಂಡ್ ಥ್ರಾಟಲ್ ಬಾಡಿ 4500ಕ್ಕೆ ತಂದು ಹಾಕಿಸಿದೆ. ಮೂರನೇ ದಿನ ಮತ್ತೆ ಅದೇ ಕೋಡ್. ಆಗ ನಂಗೆ ಒಂದು ವಿಷಯ ಖಾತ್ರಿ ಆಯ್ತು, ಎರಡು ಬೇರೆ ಬೇರೆ ಗಾಡಿಯ ಥ್ರಾಟಲ್ ಬಾಡಿ ಒಂದೇ ತಿರುವಲ್ಲಿ ಒಂದೇ ಥರ ಹಾಳಾಗ್ಲಿಕ್ಕೆ ಸಾಧ್ಯ ಇಲ್ಲ. ತೊಂದರೆ ಗಾಡಿಯಲ್ಲೇ ಉಂಟು.

ಇಲ್ಲಿ ಸ್ವಲ್ಪ ಈ ವ್ಯವಸ್ಥೆ ಹೇಗೆ ಕೆಲಸ ಮಾಡ್ತದೆ ಹೇಳ್ತೇನೆ, ಇದು ಗೊತ್ತಿಲ್ಲದೆ ಮುಂದಿನದ್ದು ಅರ್ಥ ಆಗುದಿಲ್ಲ. ಹಳೇ ಗಾಡಿಯಲ್ಲಿ ಪೆಡಲಿಂದ ಕಾರ್ಬ್ಯುರೇಟರಿಗೆ ಕೇಬಲ್ ಇತ್ತು. ಈಗ ಪೆಡಲಿನ ಹತ್ರ ಒಂದು ಸೆನ್ಸರ್, ಅದು ಇಸಿಯುಗೆ, ಅಂದ್ರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ ಹೇಳ್ತದೆ, ಇಸಿಯು ಥ್ರಾಟಲ್ ಬಾಡಿಯ ಸಣ್ಣ ಮೋಟಾರಿಗೆ ಕರೆಂಟ್ ಕೊಟ್ಟು ಗಾಳಿಯ ತಟ್ಟೆ ತೆರೀತದೆ, ತಟ್ಟೆ ಎಷ್ಟು ತೆರೆದಿದೆ ಅಂತ ಥ್ರಾಟಲ್ ಬಾಡಿಯೊಳಗಿನ ಎರಡು ಸೆನ್ಸರ್ ವಾಪಸ್ ಹೇಳ್ತವೆ. ಎರಡು ಯಾಕೆ ಅಂದ್ರೆ ಒಂದು ಸುಳ್ಳು ಹೇಳಿದ್ರೆ ಇನ್ನೊಂದು ಹಿಡಿದುಕೊಡ್ಲಿಕ್ಕೆ. ನನ್ನ ಗಾಡಿಯಲ್ಲಿ ತಟ್ಟೆ ತೆರೆದ ಹಾಗೆ ಒಂದರ ವೋಲ್ಟೇಜ್ ಏರ್ತದೆ, ಇನ್ನೊಂದರದ್ದು ಇಳೀತದೆ, ಎರಡು ಕೂಡಿದ್ರೆ ಯಾವಾಗ ನೋಡಿದ್ರೂ 5 ವೋಲ್ಟ್. ಐಡಲಲ್ಲಿ, ಅಂದ್ರೆ ಕಾಲು ಕೊಡದೆ ಎಂಜಿನ್ ಸುಮ್ಮನೆ ಓಡುವಾಗ, ಒಂದು 0.65, ಇನ್ನೊಂದು 4.35. ಕೆಲವು ಗಾಡಿಯಲ್ಲಿ ಎರಡೂ ಏರ್ತವೆ, ನಿಮ್ಮದರಲ್ಲಿ ಹೇಗೆ ಅಂತ ಮೊದ್ಲು ನೋಡ್ಕೊಳ್ಳಿ. ಈ ಲೆಕ್ಕ ತಪ್ಪಿದ ಕೂಡ್ಲೇ ಇಸಿಯು ಮೋಟಾರಿನ ಕರೆಂಟ್ ಕಡೀತದೆ, ಒಳಗಿನ ಸ್ಪ್ರಿಂಗ್ ತಟ್ಟೆಯನ್ನು ಸ್ವಲ್ಪವೇ ತೆರೆದ ಜಾಗಕ್ಕೆ ತಂದು ನಿಲ್ಲಿಸ್ತದೆ. ಅದೇ ಲಿಂಪ್ ಮೋಡ್. ಅಂದ್ರೆ ಪಿ2135 ಹೇಳುದು ಇಷ್ಟೇ, ಎರಡು ಸೆನ್ಸರಿನ ಮಾತು ಒಂದಕ್ಕೊಂದು ತಾಳೆ ಆಗ್ತಾ ಇಲ್ಲ. ಥ್ರಾಟಲ್ ಬಾಡಿ ಬದಲಿಸು ಅಂತ ಆ ಕೋಡಲ್ಲಿ ಎಲ್ಲಿಯೂ ಬರೆದಿಲ್ಲ.

ಒಂದು ಸಣ್ಣ ಬ್ಲೂಟೂತ್ ಓಬಿಡಿ ಡಾಂಗಲ್ ತಗೊಂಡೆ, ಗಾಡಿಗೆ ಸಿಕ್ಕಿಸಿದ್ರೆ ಇಸಿಯು ಹೇಳುದನ್ನು ಫೋನಲ್ಲಿ ತೋರಿಸುವಂಥದ್ದು. ಅದರಲ್ಲಿ ಫ್ರೀಜ್ ಫ್ರೇಮ್ ಅಂತ ಒಂದು ಉಂಟು, ಕೋಡ್ ಬಿದ್ದ ಆ ಕ್ಷಣದಲ್ಲಿ ಗಾಡಿಯ ಸ್ಥಿತಿ ಹೇಗಿತ್ತು ಅಂತ ಇಸಿಯು ಬರೆದಿಟ್ಟುಕೊಂಡಿರ್ತದೆ. ದಯವಿಟ್ಟು ಕೋಡ್ ಕ್ಲಿಯರ್ ಮಾಡುವ ಮೊದ್ಲು ಅದರ ಫೋಟೋ ತೆಗೀರಿ, ಕ್ಲಿಯರ್ ಮಾಡಿದ್ರೆ ಅದೂ ಹೋಗ್ತದೆ. ನನ್ನದರಲ್ಲಿ ಆರ್‌ಪಿಎಮ್ 1600, ಸ್ಪೀಡ್ 22, ಲೋಡ್ (ಎಂಜಿನ್ ಮೇಲೆ ಬೀಳುವ ಭಾರ) 88 ಪರ್ಸೆಂಟ್. ಒಂದು ಪಾಕೆಟ್ ಪುಸ್ತಕ ಇಟ್ಟು ಪ್ರತಿ ಸಲ ಬರೀಲಿಕ್ಕೆ ಶುರು ಮಾಡಿದೆ, ಯಾವ ಗೇರು, ಏರಾ ಇಳಿಜಾರಾ, ಮಳೆ ಇತ್ತಾ, ಎಂಜಿನ್ ಬಿಸಿ ಆಗಿತ್ತಾ. ಎರಡು ತಿಂಗಳಲ್ಲಿ ಏಳು ಸಲ. ಏಳೂ ಸಲ ಫಸ್ಟ್ ಅಥವಾ ಸೆಕೆಂಡ್ ಗೇರು, ಏಳೂ ಸಲ ಏರು, ಕಾಲು ಜೋರು ಕೊಟ್ಟಾಗ. ಅದರಲ್ಲಿ ಮಳೆ ಇದ್ದದ್ದು ಮೂರೇ ಸಲ, ಹಾಗಾಗಿ ನೀರು ಇಳಿದು ಆಗುದು ಅಂತ ಎಲ್ಲರೂ ಹೇಳ್ತಿದ್ದದ್ದು ಸುಳ್ಳಾಯ್ತು. ಹೈವೇಯಲ್ಲಿ ನೂರರ ಸ್ಪೀಡಲ್ಲಿ ಒಮ್ಮೆಯೂ ಇಲ್ಲ. ನಮ್ಮ ಅಂಗಳಕ್ಕೆ ರಿವರ್ಸಲ್ಲಿ ಒಂದು ಕಡಿದಾದ ಏರು ಹತ್ತಿಸ್ಬೇಕು, ಅಲ್ಲಿಯೂ ಅಷ್ಟೇ ಲೋಡ್ ಬೀಳ್ತದೆ, ಅಲ್ಲಿ ಒಮ್ಮೆಯೂ ಆಗ್ಲಿಲ್ಲ.

ಈ ರಿವರ್ಸಿನ ವಿಷಯ ನನ್ನ ತಲೆಯಲ್ಲಿ ಎರಡು ದಿನ ಕೊರೀತಾ ಇತ್ತು. ಎಂಜಿನ್ ಕೂತಿರುದು ರಬ್ಬರ್ ಮೌಂಟಿನ ಮೇಲೆ. ಅಡ್ಡ ಕೂರಿಸಿದ ಎಂಜಿನ್ ಮುಂದಿನ ಗೇರಲ್ಲಿ ಜೋರು ಎಳೆದಾಗ ಮೇಲ್ಭಾಗ ಹಿಂದಕ್ಕೆ, ಅಂದ್ರೆ ಡ್ರೈವರ್ ಕಡೆಗೆ ವಾಲ್ತದೆ, ರಿವರ್ಸಲ್ಲಿ ಮುಂದಕ್ಕೆ ವಾಲ್ತದೆ. ಥ್ರಾಟಲ್ ಬಾಡಿ ಎಂಜಿನ್ ಮೇಲೆ ಉಂಟು, ಇಸಿಯು ಗಾಡಿಯ ಬಾಡಿಗೆ ಬಿಗಿದು ಮುಂದೆ ಬ್ಯಾಟರಿ ಪಕ್ಕ ಉಂಟು. ಅಂದ್ರೆ ಎಂಜಿನ್ ಹಿಂದಕ್ಕೆ ವಾಲಿದಾಗ ಎರಡರ ನಡುವಿನ ವೈರ್ ಬಿಗೀತದೆ, ಮುಂದಕ್ಕೆ ವಾಲಿದಾಗ ಸಡಿಲ ಆಗ್ತದೆ. ಬಾನೆಟ್ ಎತ್ತಿ ನೋಡಿದ್ರೆ ಹಾರ್ನೆಸ್ (ವೈರಿನ ಕಟ್ಟು) ಹಿಡಿದಿಡುವ ಒಂದು ಪ್ಲಾಸ್ಟಿಕ್ ಕ್ಲಿಪ್ಪೇ ಇಲ್ಲ, ವೈರ್ ನೇರ ತಂತಿಯ ಹಾಗೆ ಬಿಗಿದು ನಿಂತಿದೆ. ಎಂಟು ತಿಂಗಳ ಹಿಂದೆ ಕ್ಲಚ್ ಬದಲಿಸಿದ್ದು ನೆನಪಾಯ್ತು, ಅದಕ್ಕೆ ಬ್ಯಾಟರಿ ಟ್ರೇ, ಹಾರ್ನೆಸ್ ಎಲ್ಲ ಬಿಚ್ಚಿರ್ತಾರೆ.

ಆದ್ರೂ ಅಂದಾಜಲ್ಲಿ ವೈರ್ ಕತ್ತರಿಸ್ಲಿಕ್ಕೆ ಆಗುದಿಲ್ಲ ಅಲ್ವಾ. ಕನೆಕ್ಟರಲ್ಲಿ ಆರು ಪಿನ್. ಎರಡು ಮೋಟಾರಿಗೆ, ಒಂದು 5 ವೋಲ್ಟ್ ಸಪ್ಲೈ, ಒಂದು ಸೆನ್ಸರ್ ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ವೈರ್), ಎರಡು ಸಿಗ್ನಲ್. ಇಲ್ಲಿ ಒಂದು ಚಂದದ ಲೆಕ್ಕ ಉಂಟು. ಒಂದು ಸಿಗ್ನಲ್ ವೈರ್ ಬಿಟ್ಟುಹೋದ್ರೆ ಆ ಒಂದರ ಲೆಕ್ಕ ಮಾತ್ರ ಕೆಡ್ತದೆ. ಸಪ್ಲೈ ವೈರಲ್ಲಿ ತೊಂದರೆ ಇದ್ರೆ ಎರಡೂ ಒಟ್ಟಿಗೆ ಇಳೀತವೆ. ಗ್ರೌಂಡಲ್ಲಿ ತೊಂದರೆ ಇದ್ರೆ ಎರಡೂ ಒಟ್ಟಿಗೆ ಏರ್ತವೆ, ಗ್ರೌಂಡಿನ ವೋಲ್ಟೇಜ್ ಎಷ್ಟು ಎದ್ದಿತೋ ಮೊತ್ತ 5ಕ್ಕಿಂತ ಅಷ್ಟೇ ಮೇಲೆ. ಹಾಗಾಗಿ ಎರಡು ಮಲ್ಟಿಮೀಟರ್ ಸಿಕ್ಕಿದ್ರೆ ಯಾವ ವೈರ್ ಅಂತ ಹೊಲಿಗೆ ಸೂಜಿಯಷ್ಟೇ ಖರ್ಚಲ್ಲಿ ಗೊತ್ತಾಗ್ತದೆ. ಸೂಜಿಯನ್ನು ಕನೆಕ್ಟರಿನ ಹಿಂಬದಿಯಿಂದ ರಬ್ಬರ್ ಸೀಲ್ ಪಕ್ಕ ಮೆಲ್ಲ ತೂರಿಸ್ಬೇಕು, ವೈರಿನ ಮೇಲಿನ ಪ್ಲಾಸ್ಟಿಕ್ ಚುಚ್ಚಬಾರ್ದು, ಆ ತೂತಲ್ಲಿ ಮಳೆನೀರು ಇಳಿದು ಮುಂದಿನ ವರ್ಷ ಇನ್ನೊಂದು ತೊಂದರೆ ಕೊಡ್ತದೆ.

ಮೊದ್ಲು ಕೀ ಆನ್ ಮಾಡಿ ಕನೆಕ್ಟರ್ ಅಲ್ಲಾಡಿಸಿ ನೋಡಿದೆ. ಎಂತದೂ ಆಗ್ಲಿಲ್ಲ. ಡಾಂಗಲ್ ಗ್ರಾಫಲ್ಲಿಯೂ ಗೆರೆ ನೇರ, ಅದು ಸೆಕೆಂಡಿಗೆ ಕೆಲವೇ ಸಲ ಓದುದು, ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿ ಹೋದದ್ದು ಅದಕ್ಕೆ ಕಾಣುದೇ ಇಲ್ಲ. ಹಾಗಾಗಿ ಘಾಟಿಯಲ್ಲಿ ಆಗುದನ್ನು ಅಂಗಳದಲ್ಲೇ ಮಾಡಿ ನೋಡ್ಬೇಕಾಯ್ತು. ಸಮತಟ್ಟು ಜಾಗ, ನಾಲ್ಕೂ ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್, ಬ್ರೇಕ್ ಮೇಲೆ ಕಾಲು, ಮುಂದೆ ಹಿಂದೆ ಯಾರೂ ನಿಲ್ಬಾರ್ದು, ಮಕ್ಕಳನ್ನು ಒಳಗೆ ಕಳಿಸಿಬಿಡಿ. ಮೀಟರ್ ಎರಡನ್ನೂ ವೈಪರಿಗೆ ಸಿಕ್ಕಿಸಿ ಒಳಗಿಂದ ಕಾಣುವ ಹಾಗೆ ಇಟ್ಟೆ, ನಾನೇ ಸೀಟಲ್ಲಿ ಕೂತೆ. ಫಸ್ಟ್ ಗೇರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಅರ್ಧ ಬಿಟ್ರೆ ಎಂಜಿನ್ ಘಾಟಿಯಲ್ಲಿ ವಾಲಿದ ಹಾಗೆಯೇ ವಾಲ್ತದೆ. ಎರಡು ಸೆಕೆಂಡ್, ಅದಕ್ಕಿಂತ ಜಾಸ್ತಿ ಬೇಡ, ಕ್ಲಚ್ ಸುಡ್ತದೆ.

ಮೂರನೇ ಸಲಕ್ಕೆ ಸಿಕ್ಕಿತು. ತಟ್ಟೆ ತೆರೆಯುವಾಗ ಒಂದು ಏರಿ ಇನ್ನೊಂದು ಇಳೀಬೇಕಿತ್ತು, ಎರಡೂ ಒಟ್ಟಿಗೆ ಮೇಲೆ ಹೋದವು, ಅದೇ ಗಳಿಗೆಯಲ್ಲಿ ಚೆಕ್ ಎಂಜಿನ್ ಲೈಟ್. ನಂಗೆ ಆಗ ಆದ ಖುಷಿ ಹೇಳ್ಲಿಕ್ಕೆ ಆಗುದಿಲ್ಲ, ಎರಡು ತಿಂಗಳು ಘಾಟಿಯಲ್ಲಿ ಹೆದರಿಸಿದ್ದು ನಮ್ಮ ಅಂಗಳಕ್ಕೆ ಬಂದು ಸಿಕ್ಕಿಬಿದ್ದಿತ್ತು. ಖಾತ್ರಿಗೆ ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವಿಗೆ, ಇನ್ನೊಂದು ಸೆನ್ಸರ್ ಗ್ರೌಂಡ್ ಪಿನ್ನಿಗೆ ಕೊಟ್ಟೆ. ಸುಮ್ಮನೆ ಓಡುವಾಗ 8 ಮಿಲಿವೋಲ್ಟ್. ಎಂಜಿನ್ ವಾಲಿಸಿದಾಗ 0.74 ವೋಲ್ಟ್. ಇಲ್ಲಿ 0.1 ವೋಲ್ಟ್ ಕಂಡ್ರೂ ನಾನು ಸಂಶಯ ಪಡ್ತೇನೆ, 0.74 ಅಂದ್ರೆ ಗ್ರೌಂಡ್ ವೈರ್ ಎಲ್ಲೋ ನೂಲಿನಷ್ಟರಲ್ಲಿ ನೇತಾಡ್ತಾ ಉಂಟು ಅಂತ.

ಎಲ್ಲಿ ಅಂತ ಹುಡುಕಿದ್ದು ಬಲ್ಬಲ್ಲಿ. ಗಾಡಿಯ ಬ್ಯಾಟರಿ ಕಳಚಿ, ಇಸಿಯು ಕನೆಕ್ಟರ್, ಥ್ರಾಟಲ್ ಕನೆಕ್ಟರ್ ಎರಡೂ ತೆಗೆದು, ಆ ಒಂದು ವೈರಿನ ಮೂಲಕ ಬೇರೆ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ 5 ವ್ಯಾಟಿನ ಪಾರ್ಕಿಂಗ್ ಬಲ್ಬ್ ಉರಿಸಿದೆ. ಮಲ್ಟಿಮೀಟರಿನ ಕಂಟಿನ್ಯುಟಿ (ವೈರ್ ತುಂಡಾಗಿಲ್ಲ ಅಂತ ಬೀಪಲ್ಲಿ ಹೇಳುವ ಟೆಸ್ಟ್) ನಂಬಬೇಡಿ, ಒಂದೇ ಒಂದು ಎಳೆ ಉಳಿದಿದ್ರೂ ಅದು ಬೀಪ್ ಅಂತದೆ. ಬಲ್ಬಿಗೆ ಕರೆಂಟ್ ಬೇಕು, ಅದು ಸುಳ್ಳು ಹೇಳುದಿಲ್ಲ. ಪಂಪಿನ ಕೇಬಲ್ಲಿಗೆ ನಾವು ಮಾಡುದೂ ಇದನ್ನೇ. ವೈರ್ ಉದ್ದಕ್ಕೂ ಬೆರಳಲ್ಲಿ ಸ್ವಲ್ಪ ಸ್ವಲ್ಪ ಜಗ್ಗುತ್ತಾ ಬಂದೆ. ಥ್ರಾಟಲ್ ಕನೆಕ್ಟರಿಂದ ನಾಲ್ಕು ಇಂಚು ಹಿಂದೆ, ಸುಕ್ಕು ಪೈಪ್ ಮುಗಿದು ಟೇಪ್ ಶುರುವಾಗುವಲ್ಲಿ, ಬಲ್ಬ್ ಮಂಕಾಯ್ತು. ಟೇಪ್ ಬಿಡಿಸಿ ನೋಡಿದ್ರೆ ಹೊರಗೆ ಎಂತದೂ ಕಾಣುದಿಲ್ಲ, ಕರಿ ವೈರ್ ಮೇಲೆ ಹಳದಿ ಗೆರೆ, ಹೊಸತರ ಹಾಗೆ ಉಂಟು. ಆದ್ರೆ ಎರಡು ಕೈಯ ಹೆಬ್ಬೆರಳಲ್ಲಿ ಹಿಡಿದು ಎಳೆದ್ರೆ ಆ ಒಂದು ಜಾಗ ಮಾತ್ರ ರಬ್ಬರಿನ ಹಾಗೆ ತೆಳ್ಳಗಾಗಿ ಉದ್ದ ಆಗ್ತದೆ. ಒಳಗೆ ತಾಮ್ರ ಇದ್ರೆ ಹಾಗೆ ಆಗುದಿಲ್ಲ. ಬ್ಲೇಡಲ್ಲಿ ಸೀಳಿದೆ, ಹಸಿರು ಪುಡಿ ಉದುರಿತು, ಎರಡು ಎಳೆ ಮಾತ್ರ ಹಿಡ್ಕೊಂಡಿತ್ತು, ಉಳಿದದ್ದೆಲ್ಲ ತುಂಡು. ಕೂದಲೆಳೆಯಷ್ಟು ತಾಮ್ರದ ಮೇಲೆ ನನ್ನ ಹೆಂಡತಿ ಮಗಳನ್ನು ಕೂರಿಸ್ಕೊಂಡು ನಾನು ಘಾಟಿ ಹತ್ತಿಸ್ತಾ ಇದ್ದದ್ದು.

ರಿಪೇರಿ ದೊಡ್ಡದಲ್ಲ. ಆ ಜಾಗದ ಮೂರು ಇಂಚು ತೆಗೆದು, 0.5 ಸ್ಕ್ವೇರ್ ಎಂಎಮ್ಮಿನ ಆಟೋ ವೈರನ್ನು ಐದು ಇಂಚು ಸೇರಿಸಿದೆ. ಕ್ರಿಂಪ್ ಮಾಡಿ (ಲೋಹದ ತೋಳಲ್ಲಿ ಒತ್ತಿ ಜೋಡಿಸಿ) ಅಂಟು ಇರುವ ಹೀಟ್ ಶ್ರಿಂಕ್, ಅಂದ್ರೆ ಬಿಸಿಗೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ ಹಾಕಿದೆ, ಸೋಲ್ಡರ್ ಮಾಡ್ಲಿಲ್ಲ, ಅಲುಗಾಡುವ ಕಡೆ ಸೋಲ್ಡರ್ ಮಾಡಿದ್ರೆ ಅದು ಗಟ್ಟಿ ಆಗಿ ಅದರ ಪಕ್ಕದಲ್ಲೇ ಮತ್ತೆ ತುಂಡಾಗ್ತದೆ. ಉಳಿದ ಐದು ವೈರನ್ನೂ ಹಾಗೆಯೇ ಬಲ್ಬಲ್ಲಿ ನೋಡಿದೆ, ಒಂದು ಸಿಗ್ನಲ್ ವೈರ್ ಕೂಡ ಅದೇ ಜಾಗದಲ್ಲಿ ಮೆತ್ತಗಾಗಿತ್ತು, ಅದನ್ನೂ ಬದಲಿಸಿದೆ. ಕಾಣೆಯಾದ ಕ್ಲಿಪ್ ಹೊಸದು ಹಾಕಿ, ವೈರಿಗೆ ಒಂದು ಸಡಿಲ ಬಳುಕು ಕೊಟ್ಟು ಕಟ್ಟಿದೆ. ಎಂಜಿನ್ ಮೌಂಟ್ ಒಂದು ಸೀಳಿತ್ತು, ಅದೂ ಹೊಸದು. ಎಂಜಿನ್ ಅಷ್ಟು ವಾಲ್ಲಿಕ್ಕೆ ಅದೇ ಕಾರಣ, ಅದನ್ನು ಬಿಟ್ಟು ವೈರ್ ಮಾತ್ರ ಸರಿ ಮಾಡಿದ್ರೆ ಅರ್ಧ ಕೆಲಸ. ಬ್ಯಾಟರಿ ಕಳಚಿದ್ದಕ್ಕೆ ಥ್ರಾಟಲ್ ರೀಲರ್ನ್, ಅಂದ್ರೆ ಇಸಿಯುಗೆ ತಟ್ಟೆಯ ಜಾಗ ಮತ್ತೆ ಕಲಿಸುದು, ಮಾಡ್ಬೇಕಾಯ್ತು, ಅದು ಒಂದೊಂದು ಗಾಡಿಗೆ ಒಂದೊಂದು ಥರ, ನಿಮ್ಮ ಗಾಡಿಯದ್ದು ಹೇಗೋ ಹಾಗೇ ಮಾಡಿ. ಇನ್ನೊಂದು, ಕೀ ಆನ್ ಇರುವಾಗ ಥ್ರಾಟಲ್ ತಟ್ಟೆಗೆ ಬೆರಳು ಹಾಕಿ ತಳ್ಬೇಡಿ, ಮೋಟಾರ್ ಎಳೆದ್ರೆ ಬೆರಳಿಗೆ ಪೆಟ್ಟು, ಒಳಗಿನ ಪ್ಲಾಸ್ಟಿಕ್ ಹಲ್ಲಿಗೂ ಪೆಟ್ಟು.

ಆಗಸ್ಟಲ್ಲಿ ರಿಪೇರಿ ಆದದ್ದು. ಅದಾದ ಮೇಲೆ ಚಾರ್ಮಾಡಿ ಹತ್ತು ಹನ್ನೆರಡು ಸಲ ಹತ್ತಿದ್ದೇನೆ, ಬೇಕಂತಲೇ ಸೆಕೆಂಡ್ ಗೇರಲ್ಲಿ ಕಾಲು ಒತ್ತಿ ಹತ್ತಿದ್ದೇನೆ, ಕೋಡ್ ಬಂದಿಲ್ಲ. ಶಿವಾಜಿನಗರದಿಂದ ತಂದದ್ದನ್ನು ತೆಗೆದು ಗಾಡಿಯ ಹಳೇ ಥ್ರಾಟಲ್ ಬಾಡಿಯನ್ನೇ ವಾಪಸ್ ಹಾಕಿದ್ದೇನೆ, ಅದೇ ಈಗ ಓಡ್ತಾ ಉಂಟು.