ಕೈ ಬದಲಾಗುವ ಸೈಕಲ್ಲಿಗೆ ಯಾವ ಬ್ರೇಕು?

ಒಬ್ಬರೇ ಓಡಿಸುವ ಸೈಕಲ್ಲಿಗೆ ಸರಿಹೋಗುವ ಬ್ರೇಕು ಮನೆಮಂದಿಯೆಲ್ಲ ಹಂಚಿಕೊಳ್ಳುವ ಸೈಕಲ್ಲಿಗೂ ಸರಿಹೋಗಬೇಕೆಂದೇನಿಲ್ಲ. ಒಬ್ಬರದೇ ಆದರೆ ಕೇಬಲ್ ಸಡಿಲಾದದ್ದು, ರಬ್ಬರ್ ಸವೆದದ್ದು ಅವರ ಬೆರಳಿಗೆ ಗೊತ್ತಿರುತ್ತದೆ. ಲಿವರ್ ದಿನಕ್ಕೊಂದಿಷ್ಟು ಒಳಗೆ ಹೋಗುತ್ತಿದ್ದರೂ ಕೈ ಹೊಂದಿಕೊಂಡುಬಿಡುತ್ತದೆ. ತಂಗಿಗೋ ಭಾವನಿಗೋ ಅಣ್ಣನ ಮಗನಿಗೋ ಸೈಕಲ್ ಕೊಟ್ಟಾಗ ಆ ರೂಢಿ ಸೈಕಲ್ಲಿನ ಜೊತೆ ಹೋಗುವುದಿಲ್ಲ. ಅದಕ್ಕೇ, ಕೊಡುವ ಸೈಕಲ್ಲಿನ ಬ್ರೇಕನ್ನು ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆ: ಗೊತ್ತಿಲ್ಲದವರ ಕೈಯಲ್ಲಿ ಇದು ಹೇಗೆ ಕೆಡುತ್ತದೆ? ಕೆಡುತ್ತಿದೆ ಎಂಬುದು ಓಡಿಸುವವರಿಗೆ ಮುಂಚೆಯೇ ತಿಳಿಯುತ್ತದೆಯೇ? ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಮಾತು ಆಮೇಲಿನದು.

ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ದೊಡ್ಡದೋ, ಚಕ್ರದ ಹೊರಬಳೆಯನ್ನು ರಬ್ಬರಿನಿಂದ ಹಿಡಿಯುವ ರಿಮ್ ಬ್ರೇಕ್ ದೊಡ್ಡದೋ ಎಂಬ ವಾದದಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿಯೊಂದಿದೆ. ಒಣ ರಸ್ತೆಯಲ್ಲಿ ಸೈಕಲ್ಲನ್ನು ಎಷ್ಟು ಬೇಗ ನಿಲ್ಲಿಸಬಹುದು ಎಂಬುದಕ್ಕೆ ಮಿತಿ ಹಾಕುವುದು ಬ್ರೇಕಲ್ಲ, ಸವಾರನ ತೂಕ ಇರುವ ಎತ್ತರ. ಸೀಟಿನ ಮೇಲೆ ನೆಟ್ಟಗೆ ಕುಳಿತವರು ಮುಂದಿನ ಬ್ರೇಕನ್ನು, ತಡೆಯುವ ಬಲ ಸೈಕಲ್ ಮತ್ತು ಸವಾರನ ತೂಕದ ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚಾಗುವಂತೆ ಹಿಡಿದರೆ ಹಿಂದಿನ ಚಕ್ರ ನೆಲ ಬಿಡಲು ಶುರುಮಾಡುತ್ತದೆ. ರಿಮ್ಮಿನ ಎರಡೂ ಬದಿಗೆ ನಿಂತ ಉದ್ದ ತೋಳುಗಳು ರಬ್ಬರನ್ನು ಒತ್ತುವ ವಿ-ಬ್ರೇಕ್, ಸರಿಯಾಗಿ ಹೊಂದಿಸಿದ್ದರೆ, ಈ ಗಡಿಯನ್ನು ಸಲೀಸಾಗಿ ಮುಟ್ಟುತ್ತದೆ, ಡಿಸ್ಕೂ ಮುಟ್ಟುತ್ತದೆ. ಹಾಗೆ ಹಿಡಿದರೆ ಗಂಟೆಗೆ 20 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 3 ಮೀಟರ್ ಸಾಕು. ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು, ಏಕೆಂದರೆ ನಿಲ್ಲುವಾಗ ತೂಕವೆಲ್ಲ ಮುಂದಕ್ಕೆ ಸರಿದು ಹಿಂದಿನ ಟಯರ್ ಬೇಗ ಜಾರುತ್ತದೆ. ಎರಡು ಬಗೆಯ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಮಳೆಯಲ್ಲಿ, ಕೆಸರಿನಲ್ಲಿ, ರಿಮ್ ಬೆಂಡಾದಾಗ, ಇಳಿಜಾರು ಉದ್ದಕ್ಕಿದ್ದಾಗ ಮತ್ತು ಕೈಯಲ್ಲಿ ಕಸುವು ಕಡಿಮೆ ಇರುವವರು ಓಡಿಸುವಾಗ.

ಯಾವ ಕೈಗೆ ಯಾವ ಬ್ರೇಕ್ ಎಂಬುದನ್ನು ಬ್ರೇಕಿನ ಜಾತಿಗಿಂತ ಮೊದಲು ಇತ್ಯರ್ಥ ಮಾಡಿಕೊಳ್ಳುತ್ತೇನೆ. ಭಾರತ, ಬ್ರಿಟನ್, ಜಪಾನಿನಂಥ ಎಡಬದಿ ಸಂಚಾರದ ದೇಶಗಳಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಚಕ್ರಕ್ಕೆ. ಅಮೆರಿಕದಲ್ಲೂ ಯುರೋಪಿನ ಹೆಚ್ಚಿನ ಕಡೆಯಲ್ಲೂ ಎಡಗೈ ಮುಂದಿನದಕ್ಕೆ. ಮೋಟರ್‌ಸೈಕಲ್ಲಿನಲ್ಲಿ ಎಲ್ಲೆಡೆ ಬಲಗೈಯೇ ಮುಂದಿನ ಬ್ರೇಕ್. ಹೀಗಾಗಿ ಬೈಕು ಓಡಿಸಿ ರೂಢಿಯಾದವರಿಗೆ ಎಡಗೈ-ಮುಂದು ಸೈಕಲ್ ಕೊಟ್ಟರೆ, ಗಾಬರಿಯಲ್ಲಿ ಅವರು ‘ಹಿಂದಿನದು’ ಎಂದುಕೊಂಡು ಮುಂದಿನದನ್ನೇ ಜೋರಾಗಿ ಒತ್ತುತ್ತಾರೆ. ಗಾಬರಿಯಲ್ಲಿ ಯೋಚನೆ ಕೆಲಸ ಮಾಡುವುದಿಲ್ಲ, ಕೈ ಮಾತ್ರ ಕೆಲಸ ಮಾಡುತ್ತದೆ. ಬಾಯಲ್ಲಿ ಹೇಳಿ ಬಿಟ್ಟರೆ ಸಾಲದು. ಒಂದೆರಡು ದಿನಕ್ಕಿಂತ ಹೆಚ್ಚು ಕೊಡುವುದಾದರೆ ಕೇಬಲ್‌ಗಳನ್ನೇ ಅದಲುಬದಲು ಮಾಡಿಬಿಡುತ್ತೇನೆ. ಕೇಬಲ್ ಬ್ರೇಕಾದರೆ ಇದು ಅರ್ಧ ಗಂಟೆಯೊಳಗಿನ ಕೆಲಸ. ಔಟರ್‌ನ (ಕೇಬಲ್ಲಿನ ಹೊರಕವಚದ) ಉದ್ದ ಸಾಲದೆ ಎಲ್ಲಾದರೂ ಮುರಿದಂತೆ ಬಾಗಿದರೆ ಹೊಸದು ಕತ್ತರಿಸಿ ಹಾಕಬೇಕು. ಬದಲಿಸಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ತಾನಾಗಿ ಹಿಡಿಯುತ್ತಿಲ್ಲ ತಾನೇ ಎಂದು ನೋಡಬೇಕು.

ಇದರ ಬೆನ್ನಲ್ಲೇ ಬರುವುದು ಬೆರಳಿನ ಉದ್ದ. ಹೆಚ್ಚಿನ ಲಿವರ್‌ಗಳಲ್ಲಿ ಅದು ಹ್ಯಾಂಡಲ್ಲಿಗೆ ಎಷ್ಟು ಹತ್ತಿರ ಇರಬೇಕೆಂದು ನಿಗದಿಮಾಡುವ ಚಿಕ್ಕ ಸ್ಕ್ರೂ ಇರುತ್ತದೆ. ಕೆಲವಕ್ಕೆ 2 ಮಿ.ಮೀ. ಅಲೆನ್ ಕೀ, ಕೆಲವಕ್ಕೆ ಸಾಮಾನ್ಯ ಸ್ಕ್ರೂಡ್ರೈವರ್. ಅಂಗೈ ಗ್ರಿಪ್ ಮೇಲೆ ಇದ್ದಂತೆಯೇ ತೋರುಬೆರಳಿನ ಮೊದಲ ಗೆಣ್ಣು ಲಿವರಿನ ಮೇಲೆ ಕೂರಬೇಕು. ಚಿಕ್ಕ ಕೈಯವರಿಗೆಂದು ಲಿವರನ್ನು ಹತ್ತಿರ ತಂದಾಗ ಅದು ಎಳೆಯಬಹುದಾದ ಕೇಬಲ್ ಕಡಿಮೆಯಾಗುತ್ತದೆ. ಆದ್ದರಿಂದ ರಬ್ಬರ್‌ಗಳನ್ನೂ ರಿಮ್ಮಿಗೆ ಅಷ್ಟೇ ಹತ್ತಿರ ತರಬೇಕು, ಹತ್ತಿರ ತರಬೇಕಾದರೆ ಚಕ್ರದ ಬೆಂಡ್ ತೆಗೆದಿರಬೇಕು. ಇಷ್ಟು ಮಾಡದೆ ಸ್ಕ್ರೂ ಒಂದನ್ನೇ ತಿರುಗಿಸಿ ಕೊಟ್ಟರೆ ಲಿವರ್ ಗ್ರಿಪ್ಪಿಗೆ ತಾಗಿ ನಿಂತುಬಿಡುತ್ತದೆ. ಪೂರ್ತಿ ಒತ್ತಿದಾಗಲೂ ಲಿವರಿಗೂ ಗ್ರಿಪ್ಪಿಗೂ ನಡುವೆ ಒಂದು ಬೆರಳು ಧಾರಾಳವಾಗಿ ಹಿಡಿಸುವಷ್ಟು ಜಾಗ ಉಳಿಯಬೇಕು.

ಕೊಡುವ ಸೈಕಲ್ಲಿಗೆ ನನ್ನ ಆಯ್ಕೆ ಅಲ್ಯೂಮಿನಿಯಂ ರಿಮ್ಮಿನ ಮೇಲೆ ವಿ-ಬ್ರೇಕ್. ರಬ್ಬರ್ ಎಷ್ಟು ಉಳಿದಿದೆ ಎಂಬುದು ಬಗ್ಗಿ ನೋಡಿದರೆ ಯಾರಿಗಾದರೂ ಕಾಣುತ್ತದೆ. ಕೆಡುವಾಗ ನಿಧಾನವಾಗಿ ಕೆಡುತ್ತದೆ, ಲಿವರ್ ಒಳಗೊಳಗೆ ಹೋಗುತ್ತಾ ಹೇಳಿಕೊಂಡೇ ಕೆಡುತ್ತದೆ. 5 ಮಿ.ಮೀ. ಅಲೆನ್ ಕೀ ಒಂದಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಆದರೆ ಹೊಂದಿಸುವುದನ್ನು ಅವಸರದಲ್ಲಿ ಮಾಡಬಾರದು.

ಮೊದಲು ಚಕ್ರ ಫೋರ್ಕಿನ ತುದಿಗೆ ಪೂರ್ತಿ ಕೂತಿದೆಯೇ ನೋಡುತ್ತೇನೆ. ಓರೆಯಾಗಿ ಕೂತ ಚಕ್ರಕ್ಕೆ ಬ್ರೇಕ್ ಹೊಂದಿಸಿದರೆ ಮುಂದಿನ ಪಂಕ್ಚರ್‌ವರೆಗೆ ಮಾತ್ರ ಬಾಳಿಕೆ. ರಿಮ್ಮಿನ ಪಕ್ಕವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ರಬ್ಬರ್ ಬಿಚ್ಚಿ ಬೆಳಕಿಗೆ ಹಿಡಿದರೆ ಅಲ್ಯೂಮಿನಿಯಂ ಚೂರುಗಳು ಹೊಳೆಯುತ್ತವೆ. ಪಿನ್ನಿನಿಂದ ಅವನ್ನು ಕಿತ್ತು, ಮೇಲ್ಮೈ ಗಾಜಿನಂತಾಗಿದ್ದರೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಮಂಕಾಗಿಸಬೇಕು. ಮೇಲಿನ ಗೀರುಗಳು ಮಾಸಿಹೋಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.

ರಬ್ಬರ್ ಕೂರಿಸುವಾಗ ಎತ್ತರದ ಲೆಕ್ಕವೇ ಮುಖ್ಯ. ರಬ್ಬರಿನ ಇಡೀ ಮುಖ ರಿಮ್ಮಿನ ಪಟ್ಟಿಯೊಳಗೇ ಇರಬೇಕು. ಮೇಲಂಚು ರಿಮ್ಮಿನ ಅಂಚಿಗಿಂತ 1 ಮಿ.ಮೀ. ಕೆಳಗೆ. ಮೇಲಾದರೆ ಟಯರಿನ ಪಕ್ಕವನ್ನು ಕೊಯ್ಯುತ್ತದೆ, ಟ್ಯೂಬ್ ಸಿಡಿಯುವುದು ಬ್ರೇಕ್ ಹಿಡಿದ ಗಳಿಗೆಯಲ್ಲೇ. ವಿ-ಬ್ರೇಕಿನ ತೋಳುಗಳು ತಿರುಗುವ ಕೀಲು ರಿಮ್ಮಿಗಿಂತ ಕೆಳಗಿರುವುದರಿಂದ ರಬ್ಬರ್ ಸವೆದಂತೆ ಅದು ಕಡ್ಡಿಗಳ ಕಡೆಗೆ ಇಳಿಯುತ್ತದೆ. ಟಯರಿನ ಮೇಲಿಂದ ಇಕ್ಕಳದಂತೆ ರಿಮ್ಮನ್ನು ಹಿಡಿಯುವ ಕ್ಯಾಲಿಪರ್ ಬ್ರೇಕಿನಲ್ಲಿ ಕೀಲು ಮೇಲಿರುವುದರಿಂದ ಸವೆದ ರಬ್ಬರ್ ಟಯರಿನ ಕಡೆಗೆ ಏರುತ್ತದೆ. ತಿಂಗಳುಗಟ್ಟಲೆ ಕೊಟ್ಟಿರುವ ಸೈಕಲ್ ಆದರೆ ಈ ವ್ಯತ್ಯಾಸ ನೆನಪಿರಬೇಕು: ಮೊದಲನೆಯದು ರಿಮ್ಮಿನಡಿಗೆ ನುಗ್ಗಿ ಸಿಕ್ಕಿಕೊಳ್ಳಬಹುದು, ಎರಡನೆಯದು ಟಯರ್ ಕತ್ತರಿಸಬಹುದು.

ರಬ್ಬರಿನ ಹಿಂಭಾಗಕ್ಕೂ ರಿಮ್ಮಿಗೂ ನಡುವೆ 1 ಮಿ.ಮೀ. ದಪ್ಪದ ರಟ್ಟಿನ ಚೂರು ಸಿಕ್ಕಿಸಿ, ಲಿವರ್ ಒತ್ತಿ ಹಿಡಿದುಕೊಂಡೇ ಬೋಲ್ಟ್ ಬಿಗಿಯುತ್ತೇನೆ. ಹೀಗೆ ಮುಂದಿನ ತುದಿ ಮೊದಲು ಮುಟ್ಟಿದರೆ ಕಿರುಚಾಟ ತಪ್ಪುತ್ತದೆ. ಬಿಗಿ 6ರಿಂದ 8 ನ್ಯೂಟನ್ ಮೀಟರ್. ನಂತರ ಲಿವರ್ ಬಳಿ ಕೇಬಲ್ಲಿನ ಬಿಗಿ ಹೊಂದಿಸುವ ತಿರುಪನ್ನು (ಬ್ಯಾರಲ್ ಅಡ್ಜಸ್ಟರ್) ಪೂರ್ತಿ ಒಳಗೆ ತಿರುಗಿಸಿ, ಒಂದೆರಡು ಸುತ್ತು ಹೊರಗೆ ತಂದು, ಒಂದೊಂದು ಕಡೆ ರಬ್ಬರಿಗೂ ರಿಮ್ಮಿಗೂ 1 ಮಿ.ಮೀ. ಅಂತರ ಇರುವಂತೆ ಕೇಬಲ್ ಕಚ್ಚಿಸಬೇಕು. ಒಂದು ಕಡೆಯ ರಬ್ಬರ್ ರಿಮ್ಮಿಗೆ ಒರೆಯುತ್ತಿದ್ದರೆ ಆ ತೋಳಿನ ಬುಡದ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತು ಬಿಗಿಮಾಡಿದರೆ ಅದು ಹಿಂದೆ ಸರಿಯುತ್ತದೆ. ಕೊನೆಗೆ ಲಿವರನ್ನು ಹತ್ತು ಸಲ ಜೋರಾಗಿ ಒತ್ತಿ. ಹೊಸ ಕೇಬಲ್ ಹಾಗೂ ಔಟರ್ ತುದಿಗಳು ಕೂರುವಾಗ ಸ್ವಲ್ಪ ಸಡಿಲಾಗುವುದು ಖಂಡಿತ, ಮತ್ತೊಮ್ಮೆ ಎಳೆದು ಕಟ್ಟಬೇಕು.

ಬಿಡಿಭಾಗ ತರುವಾಗ ಎರಡು ತಪ್ಪು ಪದೇಪದೇ ಆಗುತ್ತವೆ. ಒಂದು, ಬ್ರೇಕಿಗೆ ಗೇರಿನ ಕೇಬಲ್ ಹಾಕುವುದು. ಗೇರಿನ ಒಳ ತಂತಿ 1.2 ಮಿ.ಮೀ., ಬ್ರೇಕಿನದು 1.5 ಅಥವಾ 1.6. ಗೇರಿನ ಔಟರ್‌ನಲ್ಲಿ ತಂತಿಗಳು ಉದ್ದುದ್ದಕ್ಕೆ ಇರುವುದರಿಂದ ಬ್ರೇಕಿನ ಒತ್ತಡಕ್ಕೆ ಅದು ಸೀಳಿಹೋಗುತ್ತದೆ. ಇನ್ನೊಂದು, ಲಿವರಿಗೂ ಬ್ರೇಕಿಗೂ ಹೊಂದಿಕೆಯಿಲ್ಲದಿರುವುದು. ವಿ-ಬ್ರೇಕಿನ ಲಿವರ್ ಕ್ಯಾಲಿಪರ್ ಲಿವರಿಗಿಂತ ಸುಮಾರು ಇಮ್ಮಡಿ ಕೇಬಲ್ ಎಳೆಯುತ್ತದೆ. ಕ್ಯಾಲಿಪರಿಗೆ ವಿ-ಬ್ರೇಕಿನ ಲಿವರ್ ಹಾಕಿದರೆ ಲಿವರ್ ಕಲ್ಲಿನಂತೆ ಗಟ್ಟಿ, ಹಿಡಿತ ಮಾತ್ರ ಇಲ್ಲ. ‘ಎಷ್ಟು ಗಟ್ಟಿಯಾಗಿದೆ ನೋಡು’ ಎಂದು ಮೆಚ್ಚಿಕೊಳ್ಳುವವರೂ ಇದ್ದಾರೆ, ಅದೇ ಅಪಾಯ. ತಿರುಗಾಮುರುಗಾ ಮಾಡಿದರೆ ಲಿವರ್ ಮೆತ್ತಗಾಗಿ, ಹಿಡಿತ ಸಿಗುವ ಮೊದಲೇ ಗ್ರಿಪ್ಪಿಗೆ ತಾಗುತ್ತದೆ.

ವಿ-ಬ್ರೇಕಿನ ಒಂದು ದೊಡ್ಡ ದೋಷವನ್ನು ಮುಚ್ಚಿಡಬಾರದು. ಚಕ್ರ ಬಿಚ್ಚಲೆಂದು ಕೇಬಲ್ ತುದಿಯ ಬಾಗಿದ ಲೋಹದ ನಳಿಗೆಯನ್ನು ಕೊಂಡಿಯಿಂದ ಬಿಡಿಸುತ್ತಾರೆ. ಪಂಕ್ಚರ್ ಹಾಕಿ ಚಕ್ರ ಕೂರಿಸಿದ ಮೇಲೆ ಅದನ್ನು ಮತ್ತೆ ಸಿಕ್ಕಿಸಲು ಮರೆತರೆ ಬ್ರೇಕೇ ಇಲ್ಲ. ಈ ಕೊಂಡಿಯನ್ನು ತೋರಿಸಿ, ಪಡೆಯುವವರ ಕೈಯಿಂದಲೇ ಒಮ್ಮೆ ಬಿಡಿಸಿ ಹಾಕಿಸದೆ ನಾನು ಸೈಕಲ್ ಕೊಡುವುದಿಲ್ಲ.

ಮಳೆ, ಕೆಸರು ಹೆಚ್ಚಿರುವಲ್ಲಿಗೆ ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಒಳ್ಳೆಯದು, ನೋಡಿಕೊಳ್ಳುವವರು ಒಬ್ಬರಿದ್ದರೆ. ಒದ್ದೆ ರಿಮ್ಮಿನ ಮೇಲೆ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಡಿಸ್ಕಿಗೆ ಆ ತಡ ಕಡಿಮೆ, ಕಡ್ಡಿ ಮುರಿದು ರಿಮ್ ಓಲಾಡಿದರೂ ಬ್ರೇಕ್ ಕೆಲಸ ಮಾಡುತ್ತದೆ. ಆದರೆ ಹಿಡಿಯುವ ಪ್ಯಾಡುಗಳನ್ನು ಹೊತ್ತಿರುವ ಈ ಬಗೆಯ ಬಹುಪಾಲು ಡಿಸ್ಕ್ ಕ್ಯಾಲಿಪರ್‌ಗಳಲ್ಲಿ ಚಲಿಸುವುದು ಹೊರಗಿನ ಪ್ಯಾಡ್ ಒಂದೇ. ಅದು ರೋಟರನ್ನು, ಅಂದರೆ ಡಿಸ್ಕಿನ ತಟ್ಟೆಯನ್ನು, ಬಾಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಪ್ಯಾಡ್ ಸವೆದಾಗ ಹೆಚ್ಚಿನವರು ಕೇಬಲ್ ಮಾತ್ರ ಬಿಗಿ ಮಾಡುತ್ತಾರೆ. ಆಗ ಕ್ಯಾಲಿಪರಿನ ತೋಳು ಅರ್ಧ ದಾರಿಯಿಂದ ಹೊರಡುತ್ತದೆ, ಹಿಡಿತ ಸಿಗುವ ಮೊದಲೇ ಅದರ ಓಟ ಮುಗಿಯುತ್ತದೆ. ಮಾಡಬೇಕಾದದ್ದು, ಒಳಗಿನ ಪ್ಯಾಡಿನ ತಿರುಪನ್ನು ತಿರುಗಿಸಿ ಅದು ರೋಟರಿಗೆ ಒರೆಯದಷ್ಟು, ಕೂದಲೆಳೆಯಷ್ಟು ಅಂತರಕ್ಕೆ ತರುವುದು. ಹೊಸ ಪ್ಯಾಡ್ ಹಾಕಿದ ಮೇಲೆ ಒಂದೊಂದು ಚಕ್ರಕ್ಕೂ ಇಪ್ಪತ್ತು ಸಲ, ಗಂಟೆಗೆ 20 ಕಿ.ಮೀ. ಆಸುಪಾಸಿನಿಂದ ನಡಿಗೆಯ ವೇಗಕ್ಕೆ ಇಳಿಸುತ್ತಾ ಪಳಗಿಸಬೇಕು. ಇಲ್ಲದಿದ್ದರೆ ಹೊಸ ಡಿಸ್ಕ್ ಹಳೆಯ ವಿ-ಬ್ರೇಕಿಗಿಂತ ದುರ್ಬಲ. ಇದನ್ನು ಪಡೆಯುವವರಿಗೆ ಬಿಡದೆ ನಾನೇ ಮುಗಿಸಿ ಕೊಡುತ್ತೇನೆ.

ಡಿಸ್ಕಿಗೆ ಪರಮ ಶತ್ರು ಎಣ್ಣೆ. ಕಿರುಚುವ ಬ್ರೇಕಿಗೆ ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ ಎಣ್ಣೆ ಬಿಡುತ್ತಾರೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಗಾಳಿಗೆ ಹಾರಿದ ಹನಿಯೂ ಸಾಕು. ರೋಟರನ್ನು ಆಲ್ಕೋಹಾಲ್‌ನಿಂದ ಒರೆಸಬಹುದು, ಎಣ್ಣೆ ಕುಡಿದ ರೆಸಿನ್ (ರಾಳದಿಂದ ಬಂಧಿಸಿದ) ಪ್ಯಾಡ್ ಮಾತ್ರ ಮೊದಲಿನಂತೆ ಆಗುವುದಿಲ್ಲ, ಬದಲಿಸುವುದೇ ಸರಿ.

ಕೇಬಲ್ ಬದಲು ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬಳಸಲು ಬಲು ಹಿತ, ಒಂದು ಬೆರಳು ಸಾಕು. ಕೀಲುನೋವಿರುವ ಕೈಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೂ ಎರವಲಿನ ಸೈಕಲ್ಲಿಗೆ ನಾನು ಹಿಂಜರಿಯುತ್ತೇನೆ. ಚಕ್ರ ತೆಗೆದಿರುವಾಗ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್‌ಗಳು ಮುಂದೆ ಬಂದು ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ರೋಟರ್ ಒಳಗೆ ಹೋಗುವುದಿಲ್ಲ. ಕೊಡಲೇಬೇಕಾದರೆ ಪ್ಯಾಡ್‌ಗಳ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡನ್ನು ಸಲಕರಣೆ ಚೀಲದಲ್ಲಿಟ್ಟು, ಯಾವ ದ್ರವ ಎಂದು ಲಿವರ್ ಬಳಿ ಚೀಟಿ ಅಂಟಿಸುತ್ತೇನೆ: ಮಿನರಲ್ ಆಯಿಲೋ, ಕಾರು-ಬೈಕಿನ ಬ್ರೇಕಿಗೂ ಹಾಕುವ ಡಾಟ್ ದ್ರವವೋ. ಒಂದರ ಜಾಗಕ್ಕೆ ಇನ್ನೊಂದು ಸುರಿದರೆ ಒಳಗಿನ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಚಕ್ರದ ನಡುವಿನ ಹಬ್ಬಿನೊಳಗೆ ಇರುವ ಡ್ರಮ್, ರೋಲರ್ ಬ್ರೇಕ್‌ಗಳು ಸಮತಟ್ಟಾದ ಊರಿಗೆ, ವಯಸ್ಸಾದವರಿಗೆ ಚೆನ್ನ. ಮಳೆಯ ಪರಿವೆಯೇ ಇಲ್ಲ. ಚಕ್ರ ಬಿಚ್ಚಿ ಹಾಕುವಾಗ ಚೌಕಟ್ಟಿಗೆ ಕಟ್ಟುವ ತೋಳಿನ ಬೋಲ್ಟ್ ಬಿಟ್ಟುಹೋಗಬಾರದು, ಅಷ್ಟೇ. ಪೆಡಲ್ ಹಿಂದಕ್ಕೆ ತುಳಿದು ಹಿಡಿಯುವ ಕೋಸ್ಟರ್ ಬ್ರೇಕಿಗೂ ಇದೇ ಮಾತು. ಜೊತೆಗೆ, ಚೈನ್ ಕಳಚಿದರೆ ಅದರ ಬ್ರೇಕೂ ಹೋಯಿತು, ಹಾಗಾಗಿ ಮುಂದಿನ ಚಕ್ರಕ್ಕೆ ಕೈಬ್ರೇಕ್ ಇಲ್ಲದೆ ಅದನ್ನು ಯಾರಿಗೂ ಕೊಡುವುದಿಲ್ಲ. ಕ್ರೋಮ್ ಹಚ್ಚಿದ ಉಕ್ಕಿನ ರಿಮ್ಮಿನ ಮೇಲೆ ರಬ್ಬರ್ ಬ್ರೇಕ್ ಇರುವ ಸೈಕಲ್, ರಾಡ್ ಬ್ರೇಕಾಗಲಿ ಕ್ಯಾಲಿಪರಾಗಲಿ, ಒಣ ಹವೆಗೆ ಮಾತ್ರ. ಒದ್ದೆಯಾದಾಗ ಹಿಡಿತ ಎಷ್ಟು ಕುಸಿಯುತ್ತದೆಂದರೆ, ಗೊತ್ತಿಲ್ಲದವರು ಲಿವರ್ ಒತ್ತಿಯೂ ಮುಂದಕ್ಕೇ ಹೋಗುತ್ತಿರುತ್ತಾರೆ.

ಕೊಡುವ ದಿನ ಸೀಟಿನ ಕೆಲಸವೂ ಇರುತ್ತದೆ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರ. ಸೀಟಿನ ಕಂಬದ ಮೇಲಿನ ಕನಿಷ್ಠ ಗುರುತು ಚೌಕಟ್ಟಿನ ಒಳಗೇ ಇರಬೇಕು. ಮನೆಯ ಒಬ್ಬೊಬ್ಬರ ಎತ್ತರಕ್ಕೂ ಒಂದೊಂದು ಬಣ್ಣದ ಟೇಪ್ ಸುತ್ತಿಟ್ಟರೆ ಮತ್ತೆ ಅಳೆಯುವುದು ತಪ್ಪುತ್ತದೆ. ಟಯರಿನ ಗಾಳಿ ಸವಾರರ ತೂಕಕ್ಕೆ ತಕ್ಕಂತೆ, ಟಯರ್ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ. ಆಮೇಲೆ ಸೈಕಲ್ಲನ್ನು ತಳ್ಳುತ್ತಾ ಮುಂದಿನ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಏಳಬೇಕು, ಹಿಂದಿನದನ್ನು ಒತ್ತಿದರೆ ಟಯರ್ ಉಜ್ಜಿಕೊಂಡು ಬರಬೇಕು. ಪಡೆಯುವವರು ಖಾಲಿ ಜಾಗದಲ್ಲಿ ಐದಾರು ಸಲ, ಎರಡೂ ಲಿವರ್ ಒಟ್ಟಿಗೆ ಹಿಡಿದು, ಮೈ ತುಸು ಹಿಂದಕ್ಕೆ ಸರಿಸಿ ನಿಲ್ಲಿಸಿ ನೋಡಲಿ. ಮುಂದಿನದನ್ನು ಮುಟ್ಟಲೇಬೇಡ ಎಂದು ಹೆದರಿಸಿ ಕಳಿಸುವುದು ದೊಡ್ಡ ತಪ್ಪು.

ಸೈಕಲ್ ವಾಪಸ್ ಬಂದಾಗ ನಾನು ಮೊದಲು ಮುಟ್ಟುವುದು ಬ್ಯಾರಲ್ ಅಡ್ಜಸ್ಟರ್. ಕೊಡುವಾಗ ತಿರುಪಿನ ಎಷ್ಟು ಸುತ್ತು ಹೊರಗಿತ್ತು, ಈಗ ಎಷ್ಟಿದೆ ಎಂದು ಎಣಿಸಿದರೆ ನಡುವೆ ಯಾರಾದರೂ ಬಿಗಿ ಮಾಡಿದ್ದಾರೆಯೇ ಎಂಬುದು ತಿಳಿಯುತ್ತದೆ. ಲಿವರೊಳಗೆ ಕೇಬಲ್ ಗುಂಡು ಕೂರುವ ಜಾಗದಲ್ಲಿ ಒಂದೇ ಒಂದು ಎಳೆ ಬಿಚ್ಚಿದ್ದರೂ ಒಳ ತಂತಿ ಬದಲಿಸುತ್ತೇನೆ. ರಿಮ್ಮಿನ ಪಕ್ಕದ ಸವೆತ ತೋರುವ ಗೀರು ಅಥವಾ ಚುಕ್ಕಿ ಕಾಣದಿದ್ದರೆ, ಉಗುರಾಡಿಸಿದಾಗ ಗುಳಿ ತಗುಲಿದರೆ, ಆ ರಿಮ್ಮಿನ ಆಯುಸ್ಸು ಮುಗಿದಂತೆ. ಡಿಸ್ಕ್ ಆದರೆ ವರ್ನಿಯರ್‌ನಲ್ಲಿ ರೋಟರ್ ಅಳೆಯಬೇಕು. ಹೊಸದು ಸಾಮಾನ್ಯವಾಗಿ 1.8 ಮಿ.ಮೀ. ಇರುತ್ತದೆ, 1.5ಕ್ಕೆ ಬಂದರೆ ತೆಗೆದುಹಾಕಬೇಕು. ಪ್ಯಾಡಿನ ಮೇಲಿನ ಪದರ 0.5 ಮಿ.ಮೀ.ಗೆ ಇಳಿದಿದ್ದರೆ ಅದನ್ನೂ.